ಫೈನ್ ಅಲ್ಲದ ಮಗು

ಪೆಲಿಕನ್ ಬೇ, ಟೊಬೇಗೊ
12 ಜನವರಿ 1964, ಭಾನುವಾರ, ಚರ್ಚಿನಿಂದ ಬಂದ ಮೇಲೆ

ನನ್ನ ಪ್ರೀತಿಯ ವೆರೋನಾ,

ಹೇಗಿದ್ದೀಯ ಮಗಳೇ? ಇಂಗ್ಲೆಂಡಿನ ಚಳಿಗೆ ನಿನ್ನ ಎದೆ ಕಟ್ಟುತ್ತಿದ್ದುದು ಈಗಲಾದರೂ ಸಡಿಲವಾಯಿತೇ? ಜಾಯಿಕಾಯಿ ತೇದು ಎದೆಗೂ ಅಂಗಾಲಿಗೂ ಹಚ್ಚಿಕೊಂಡು ಮಲಗು ಎಂದಿದ್ದೆ. ಕೋಣೆಯಲ್ಲಿ ಜೊತೆಗಿರುವ ಐರಿಷ್ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಾಳೆ ಎಂದು ನೀನು ಬಿಟ್ಟಿರುತ್ತೀಯ, ನನಗೆ ಗೊತ್ತು. ಅವಳಿಗೂ ಒಂದಿಷ್ಟು ಹಚ್ಚು. ನನ್ನ ಆರೋಗ್ಯ ಕೇಳಿದ್ದೀಯ. ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ನಾನು ಹೇಳಿದ ಮಾತು ಕೇಳುತ್ತಿದೆ. ಚಂಡಮಾರುತ ಕಿತ್ತುಕೊಂಡು ಹೋಗಿದ್ದ ಚಾವಣಿಗೆ ಮತ್ತೆ ತಗಡು ಬಿತ್ತು. ಆಚೆಯ ಕೋಕೋ ತೋಟದಲ್ಲಿ ಬಿದ್ದಿದ್ದ ತಗಡುಗಳನ್ನು ಆಯ್ದು ತಂದು, ತಟ್ಟಿಸಿ ನೇರ ಮಾಡಿಸಿ ಹೊದಿಸಿದ್ದೇನೆ. ಅದರಲ್ಲಿ ಕೆಲವು ನಮ್ಮವಲ್ಲ. ನಮ್ಮವು ಯಾರ ತಲೆಯ ಮೇಲಿವೆಯೋ, ಅವರನ್ನು ಒದ್ದೆಯಾಗದಂತೆ ಕಾಯಲಿ.

ಬೇರೆ ಏನನ್ನಾದರೂ ಓದುವ ಮೊದಲು ಇದನ್ನು ಓದು: ನಿನ್ನ ಕಂದ ಆಲ್ಡ್ವಿನ್ ಚೆನ್ನಾಗಿದ್ದಾನೆ. ಈಗ ನನ್ನ ಕಾಲ ಬಳಿ ಕೂತು ಖಾಲಿ ಡಬ್ಬದ ಮೇಲೆ ಚಮಚದಿಂದ ಬಡಿಯುತ್ತಿದ್ದಾನೆ. ನನ್ನ ಕೈಬರಹ ಅಲ್ಲಲ್ಲಿ ಹಾರಿದ್ದರೆ ಅದಕ್ಕೆ ಅವನೇ ಕಾರಣ. ಬೆಳಿಗ್ಗೆ ಒಂದು ಮೊಟ್ಟೆ ಪೂರ್ತಿ ತಿಂದ. ನನ್ನ ತಟ್ಟೆಯಲ್ಲಿದ್ದ ಉಪ್ಪುಮೀನಿಗೂ ಕೈ ಹಾಕಿದ. ಈ ಮಾತನ್ನು ಎರಡು ಸಲ ಓದಿ, ಕೂತುಕೊಂಡು, ಆಮೇಲೆ ಉಳಿದದ್ದನ್ನು ಓದು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀನು ಈಗ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿರುವವಳು, ನಿನ್ನಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಿನ್ನ ಕಾಗದ ಸೋಮವಾರ ಕೈಸೇರಿತು. ಅದರಲ್ಲಿ ನನಗೆ ಚೆನ್ನಾಗಿಯೇ ಬೈದಿದ್ದೀಯ. “ಅಮ್ಮಾ, ನಿನ್ನ ತಲೆ ನೆಟ್ಟಗಿದೆಯಾ? ಮಗು ಫೈನ್ ಅಲ್ಲ ಅಂತ ಡಾಕ್ಟರ್ ಅಂದ್ರು, ದೇವರಿಗೆ ಸ್ತೋತ್ರ ಅಂತ ಬರೆದಿದ್ದೀಯಲ್ಲ! ಮಗು ಕಾಯಿಲೆ ಬಿದ್ರೆ ದೇವರಿಗೆ ಯಾಕೆ ಸ್ತೋತ್ರ?” ಎಂದು. ಓದಿ ಮೊದಲು ನಗು ಬಂತು. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಮಗಳೇ, ನೀನು ಹೋಗಿ ಒಂದೂವರೆ ವರ್ಷವೂ ಆಗಿಲ್ಲ, ಆಗಲೇ ಆ ಮಾತು ನಿನ್ನ ಕಿವಿಗೆ ಅವರ ಹಾಗೆ ಕೇಳಿಸುತ್ತಿದೆ. ನೀನು ಹುಟ್ಟಿದಾಗ ಎಷ್ಟು ಫೈನ್ ಆಗಿದ್ದೆಯೆಂದರೆ ನಿನ್ನ ಅಜ್ಜಿ ಬಟ್ಟೆ ಬಿಚ್ಚಿ ನೋಡಿ ಅತ್ತುಬಿಟ್ಟಳು. ನಮ್ಮಲ್ಲಿ ಹಗ್ಗ ಸಣ್ಣಗಿದ್ದರೆ ಫೈನ್, ಬಲೆಯ ಕಣ್ಣಿಂದ ಜಾರುವ ಮರಿಮೀನು ಫೈನ್, ತುಂತುರು ಮಳೆ ಫೈನ್, ತಿಂದದ್ದು ಮೈಗೆ ಹತ್ತದ ಮನುಷ್ಯ ಫೈನ್. ಒಬ್ಬ ಹೆಂಗಸಿಗೆ “ನೀನು ಫೈನ್ ಆಗಿಬಿಟ್ಟಿದ್ದೀಯಲ್ಲೇ” ಎಂದರೆ ಅವಳು ಗಂಡನ ಮನೆಯಲ್ಲಿ ಅನ್ನ ಕಾಣುತ್ತಿಲ್ಲವೆಂದೇ ಲೆಕ್ಕ. ಇದನ್ನು ನಿನಗೆ ನಾನು ಹೇಳಿಕೊಡಬೇಕಾಯಿತಲ್ಲ! ಇರಲಿ. ಹೇಳುತ್ತೇನೆ, ಏಕೆಂದರೆ ನಡೆದದ್ದೆಲ್ಲ ಆ ಒಂದು ಮಾತಿನ ಸುತ್ತಲೇ ನಡೆಯಿತು.

ಫ್ಲೋರಾ ಚಂಡಮಾರುತ ಹೋದ ಮೇಲೆ ಊರಿನ ಸ್ಥಿತಿ ಹೇಗಿತ್ತೆಂದು ಹಿಂದೆಯೇ ಬರೆದಿದ್ದೆ. ಮೇಕೆ ಸತ್ತದ್ದನ್ನು ಮಾತ್ರ ಬರೆದಿರಲಿಲ್ಲ, ನೀನು ಆಲ್ಡ್ವಿನ್ನನ ಹಾಲಿನ ಚಿಂತೆ ಹಚ್ಚಿಕೊಳ್ಳುತ್ತೀಯೆಂದು. ತೆಂಗಿನ ಮರಗಳೆಲ್ಲ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿದ್ದವು. ದೋಣಿಗಳು ಸೌದೆಯಾಗಿದ್ದವು, ನಿನ್ನ ಅಪ್ಪ ಬಿಟ್ಟುಹೋದದ್ದೂ ಸೇರಿ. ಮೀನಿಲ್ಲ, ಕೋಳಿಯಿಲ್ಲ. ಕೆಸರಿನಿಂದ ಮರಗೆಣಸು ಅಗೆದು, ತೇದು, ಹಿಂಡಿ, ಗಂಜಿ ಮಾಡಿ ಸಕ್ಕರೆ ಹಾಕಿ ಕೊಟ್ಟೆ. ಅವನು ತಿಂದ. ತಿಂದು ಗುಂಡಗಾದ! ಕೆನ್ನೆ ಉಬ್ಬಿತು, ಪಾದ ಬನ್ನಿನ ಹಾಗಾಯಿತು. ದಾರಿಯಲ್ಲಿ ಹೆಂಗಸರು ನಿಲ್ಲಿಸಿ, “ಮಿಸ್ ಫೀಮಿ, ಊರೇ ಒಣಗಿಹೋಗಿದೆ, ನಿನ್ನ ಮೊಮ್ಮಗನಿಗೆ ಮಾತ್ರ ಅದೇನು ತಿನ್ನಿಸ್ತೀಯೆ? ನಮಗೂ ಒಂದು ಚೂರು ಹೇಳಿಕೊಡು” ಎನ್ನುವರು. ನಾನೂ ಬೀಗುತ್ತಿದ್ದೆ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಸಮಾಧಾನವಿರಲಿಲ್ಲ. ನಡೆಯುತ್ತಿದ್ದ ಹುಡುಗ ಕೂತಲ್ಲೇ ಕೂರತೊಡಗಿದ. ನಗುತ್ತಿರಲಿಲ್ಲ. ಗಟ್ಟಿಯಾಗಿ ಅಳುತ್ತಲೂ ಇರಲಿಲ್ಲ, ದಿನವೆಲ್ಲ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ನರಳುತ್ತಿದ್ದ. ಕೂದಲ ಬುಡ ಕೆಂಚಗಾಗಿತ್ತು. ಬಿಸಿಲಿಗೆ ಹಾಗಾಗಿದೆ ಎಂದರು. ನನ್ನ ಮೊಮ್ಮಗ ಬಿಸಿಲು ಕಂಡದ್ದು ಮೊನ್ನೆಯೇ?

ನವೆಂಬರ್ ಕೊನೆಗೆ ಪರಿಹಾರದವರ ಕಡೆಯಿಂದ ಒಬ್ಬ ಡಾಕ್ಟರ್ ಬಂದರು, ಇಂಗ್ಲೆಂಡಿನವರು, ಪೆನ್‌ರೋಸ್ ಎಂದು. ವಯಸ್ಸು ನಿನ್ನದಕ್ಕಿಂತ ನಾಲ್ಕಾರು ವರ್ಷ ಹೆಚ್ಚಿರಬಹುದು. ಬಿಸಿಲಿಗೆ ಕಿವಿ ಸುಟ್ಟು ಸಿಪ್ಪೆ ಏಳುತ್ತಿತ್ತು. ಮಾತು ಮೆಲು, ಕೆಲಸ ಚುರುಕು. ವಾರಕ್ಕೊಮ್ಮೆ ನಮ್ಮ ಶಾಲೆಯ ಮುರಿದ ಗೋಡೆಗಳ ಮೇಲೆ ಟಾರ್ಪಾಲು ಕಟ್ಟಿ ಅದರಡಿ ಕೂರುತ್ತಿದ್ದರು. ಮಕ್ಕಳನ್ನು ತೂಗಿ, ನೋಡಿ, ತಾಯಂದಿರಿಗೆ ಒಂದು ಮಾತು ಹೇಳಿ ಕಳಿಸುತ್ತಿದ್ದರು. ಎದುರಿನ ಚರ್ಚಿನ ಹಜಾರದಲ್ಲಿ ಪುಡಿಹಾಲಿನ ಡಬ್ಬಗಳಿದ್ದವು. ಅವುಗಳ ಬೀಗದ ಕೈ ನಮ್ಮ ಲಿಯೋಥಾಳ ಸೊಂಟದಲ್ಲಿ. ನಿನಗೆ ಗೊತ್ತಲ್ಲ ಲಿಯೋಥಾ, ಭಾನುವಾರದ ಶಾಲೆಯಲ್ಲಿ ನಿನ್ನ ಕಿವಿ ಹಿಂಡಿದವಳು. ಡಾಕ್ಟರ್ ಅವಳಿಗೆ, “ಹಾಲು ಎಲ್ಲರಿಗೂ ಸಾಲೋದಿಲ್ಲ. ಮಗು ಹೇಗಿದೆ ಅಂತ ನಾನು ತಾಯಿಗೆ ಹೇಳಿರ್ತೀನಿ. ಅದನ್ನ ಕೇಳಿ, ಬೇಕಾದವರಿಗೆ ಮಾತ್ರ ಕೊಡಿ” ಎಂದಿದ್ದರಂತೆ. ಇಷ್ಟೇ. ಇಬ್ಬರೂ ತಲೆಯಾಡಿಸಿದರು. ಆತ ಸ್ಪ್ಯಾನಿಷ್ ಆಡುವವರಾಗಿದ್ದರೆ ನಡುವೆ ಯಾರನ್ನಾದರೂ ಕೂರಿಸುತ್ತಿದ್ದೆವು. ಇಬ್ಬರದೂ ಇಂಗ್ಲಿಷೇ ಆದ್ದರಿಂದ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಆ ಮೊದಲ ದಿನ ನನ್ನ ಮುಂದೆ ಅಂಗಡಿಯ ಮಿಸೆಸ್ ಟಾಪಿನ್ ತನ್ನ ಅವಳಿಗಳನ್ನು ಹಿಡಿದು ನಿಂತಿದ್ದಳು. ಆ ಹುಡುಗಿಯರನ್ನು ನೀನು ನೋಡಿಲ್ಲ, ಒಬ್ಬೊಬ್ಬಳೂ ಒಂದೊಂದು ಕುಂಬಳಕಾಯಿ. ಡಾಕ್ಟರ್ ತಕ್ಕಡಿ ನೋಡಿ ಕಣ್ಣರಳಿಸಿ, “ಫೈನ್! ವೆರಿ ಫೈನ್!” ಎಂದರು. ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಬಾಗಿಲ ಬಳಿ ನಿಂತಿದ್ದ ಮುದುಕ ಜೋಬ್, “ಅವು ಫೈನ್ ಆದ್ರೆ ನಾನು ಸತ್ತು ಹೂತು ಎಷ್ಟು ವರ್ಷ ಆಯ್ತೋ!” ಎಂದ. ಜೋಬ್‌ನನ್ನು ಬಲ್ಲೆಯಲ್ಲ, ಅವನು ಅಡ್ಡ ನಿಂತರೆ ಕಾಣಿಸುವುದೇ ಇಲ್ಲ. ಎಲ್ಲರೂ ನಕ್ಕರು. ಆದರೆ ಮಿಸೆಸ್ ಟಾಪಿನ್ ನಗಲಿಲ್ಲ. ಮುಖ ಗಂಭೀರ ಮಾಡಿಕೊಂಡು, “ಆ ಕೊಳವೆ ಎದೆ ಮೇಲಿಟ್ಟು ಒಳಗಿನದನ್ನ ಕೇಳ್ತಾರೆ ಅವರು. ಹೊರಗೆ ಮಾಂಸ ಇದ್ರೇನು, ನನ್ನ ಮಕ್ಕಳ ರಕ್ತ ಫೈನ್” ಎಂದು ನೇರ ಹಜಾರಕ್ಕೆ ಹೋದಳು. ಡಾಕ್ಟರು ಹೇಳಿದ್ದೆಂದ ಮೇಲೆ ಲಿಯೋಥಾ ಏನು ಮಾಡುತ್ತಾಳೆ? ಮಗುವಿಗೆ ಎರಡರಂತೆ ಡಬ್ಬ ಎಣಿಸಿಕೊಟ್ಟಳು. ಊರು ಅದನ್ನು ಒಪ್ಪಿಕೊಂಡಿತು. ರಕ್ತದ ವಿಷಯ ನಮಗೇನು ಗೊತ್ತು ಎಂದುಕೊಂಡೆವು.

ನನ್ನ ಸರದಿ ಬಂತು. ಡಾಕ್ಟರ್ ಆಲ್ಡ್ವಿನ್ನನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಕೈತೆಗೆದು, ಸುಮ್ಮನೆ ನೋಡುತ್ತ ಕೂತರು. ಕೂದಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, “ಇವನು ಫೈನ್ ಅಲ್ಲ ಅಮ್ಮಾ. ಖಂಡಿತ ಫೈನ್ ಅಲ್ಲ. ಎದುರಿಗೆ ಹೋಗಿ ನಾನು ಹೇಳಿದ್ದನ್ನ ಹಾಗೇ ಹೇಳಿ. ಮುಂದಿನ ವಾರ ಕರಕೊಂಡು ಬನ್ನಿ” ಎಂದರು. ವೆರೋನಾ, ಆ ಕ್ಷಣ ನನ್ನ ಹೆಗಲಿಂದ ಒಂದು ಮೂಟೆ ಇಳಿದ ಹಾಗಾಯಿತು. ಮಗು ಒಣಗಿಲ್ಲ, ನಾನು ಸುಮ್ಮನೆ ಹೆದರಿದ್ದೆ! ಆತನ ಮುಖ ಸಪ್ಪಗಿದ್ದುದನ್ನು ನೋಡಿದೆ. ಸುಟ್ಟ ಕಿವಿ ಉರಿಯುತ್ತಿರಬೇಕು ಎಂದುಕೊಂಡೆ. ಹಜಾರಕ್ಕೆ ಹೋಗಿ ಲಿಯೋಥಾಳಿಗೆ ಹೇಳಿದೆ. ಅವಳು ಮೇಜು ಬಡಿದು, “ನಾನು ಹೇಳಿರಲಿಲ್ವಾ? ಆ ಕೆನ್ನೆ ನೋಡಿದ್ರೇ ಗೊತ್ತಾಗುತ್ತೆ. ಹೋಗು, ನೆಮ್ಮದಿಯಾಗಿರು. ಇಲ್ಲದವರಿಗೆ ಹಾಲು ಆಗಲಿ” ಎಂದಳು. ಹಾಲು ಕೇಳಲು ನನಗೇ ನಾಚಿಕೆಯಾಯಿತು. ಮನೆಗೆ ಬಂದು ಮತ್ತೆ ಮರಗೆಣಸಿನ ಗಂಜಿ ಕಾಸಿದೆ. ಅಂದೇ ಸಂಜೆ ನಿನಗೆ ಆ ಕಾಗದ ಬರೆದೆ. ಅದರಲ್ಲಿದ್ದ ಸ್ತೋತ್ರ ನನ್ನ ಹೃದಯದಿಂದಲೇ ಬಂದದ್ದು.

ಮುಂದಿನ ವಾರ ನಾನು ಅವನನ್ನು ಎತ್ತಿಕೊಂಡು ಹೋದಾಗ ಅವನ ಕಣ್ಣು ಅರ್ಧ ಮುಚ್ಚಿತ್ತು. ತೊಡೆಯ ಮೇಲಿನ ಚರ್ಮ ಗೋಡೆಯ ಹಳೆಯ ಬಣ್ಣದ ಹಾಗೆ ಸುಲಿದು ಎದ್ದಿತ್ತು. ನಾನು ಸಾಲಿನಲ್ಲಿ ನಿಲ್ಲಲಿಲ್ಲ, ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದೆ. ಡಾಕ್ಟರ್ ನೋಡಿದವರೇ ಎದ್ದು ನಿಂತರು. ಅಷ್ಟು ಮೆಲುಮಾತಿನ ಮನುಷ್ಯ ಕೂಗಿದರು: “ಕಳೆದ ವಾರವೇ ಹೇಳಿದ್ನಲ್ಲ, ಇವನು ಫೈನ್ ಅಲ್ಲ ಅಂತ! ಹಾಲು ಏನು ಮಾಡಿದ್ರಿ? ಮಾರಿಕೊಂಡ್ರಾ?” ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನನ್ನು ನೀನು ಬಲ್ಲೆ. ಆ ಮಾತು ಕೇಳಿ ನಾನು ಕೂತುಬಿಡುವವಳೂ ಅಲ್ಲ, ಅಳುವವಳೂ ಅಲ್ಲ. “ಯಾವ ಹಾಲು?” ಎಂದೆ. “ಲಿಯೋಥಾ ಕೊಟ್ಟ ಹಾಲು.” “ಫೈನ್ ಅಲ್ಲದ ಮಗುವಿಗೆ ಅವಳು ಯಾಕೆ ಹಾಲು ಕೊಡ್ತಾಳೆ ಡಾಕ್ಟರೇ? ಫೈನ್ ಆಗಿರೋ ಮಕ್ಕಳಿಗೇ ಸಾಲದು!” ಎಂದೆ. ಆತ ಮತ್ತೆ ಕುರ್ಚಿಯಲ್ಲಿ ಕೂತರು. ಪಾಠ ಕೇಳುವ ಹುಡುಗನ ಹಾಗೆ, “ಅಮ್ಮಾ, ನಿಮ್ಮಲ್ಲಿ ಫೈನ್ ಅಂದ್ರೆ ಏನು?” ಎಂದು ಕೇಳಿದರು. ಬಾಯಲ್ಲಿ ಏಕೆ ಹೇಳಲಿ? ಬಾಗಿಲಲ್ಲಿದ್ದ ಜೋಬ್‌ನ ತೋಳು ಹಿಡಿದು ಎಳೆದುತಂದು ಎದುರಿಗೆ ನಿಲ್ಲಿಸಿದೆ. “ಇವನು ಫೈನ್. ಇವನ ಅಪ್ಪನೂ ಫೈನ್ ಆಗಿದ್ದ.” ಜೋಬ್ ಟೋಪಿ ತೆಗೆದು, “ಹುಟ್ಟಿದಾಗಿಂದ್ಲೂ ಸರ್” ಎಂದ. ಡಾಕ್ಟರ್ ಜೋಬ್‌ನ ಪಕ್ಕೆಲುಬು ನೋಡಿದರು. ನನ್ನ ತೋಳಲ್ಲಿದ್ದ ಮಗುವನ್ನು ನೋಡಿದರು. ಕನ್ನಡಕ ತೆಗೆದು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು. “ಹಾಗಾದ್ರೆ ಎಲ್ಲಾ ತಲೆಕೆಳಗಾಗಿದೆ” ಎಂದರು. “ನಾನು ಚೆನ್ನಾಗಿದ್ದಾವೆ ಅಂದ ಮಕ್ಕಳಿಗೆ ಹಾಲು ಹೋಗಿದೆ.”

ಆ ಮನುಷ್ಯನ ಮೇಲೆ ನನಗೆ ಕರುಣೆ ಬಂತು. ಆದರೆ ಕರುಣೆಗೆ ಅದು ಹೊತ್ತಲ್ಲ. “ಏಳಿ. ಹಾಲು ಎಲ್ಲಿದೆ ಅಂತ ನನಗೆ ಗೊತ್ತು” ಎಂದೆ. ಮೊದಲು ಹಜಾರಕ್ಕೆ ಹೋದೆವು. ಲಿಯೋಥಾ ಕೇಳಿ ಕೆಂಡವಾದಳು. “ನನಗೆ ಇಂಗ್ಲಿಷ್ ಕಲಿಸೋಕೆ ಬರ್ತೀರಾ? ನನ್ನ ಮುತ್ತಾತನ ಕಾಲದಿಂದ ಈ ದ್ವೀಪದಲ್ಲಿ ಆಡಿದ್ದು ಇದನ್ನೇ. ಬಂದವರು ನೀವು, ನೀವು ಕೇಳಬೇಕಿತ್ತು!” ಎಂದು ಡಾಕ್ಟರ ಎದೆಗೆ ಬೆರಳು ಚುಚ್ಚಿದಳು. “ಹೌದು, ಕೇಳಬೇಕಿತ್ತು” ಎಂದರು ಆತ. ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅವಳ ಸಿಟ್ಟಿಗೆ ಮುಂದೆ ಹೋಗಲು ದಾರಿಯೇ ಸಿಗಲಿಲ್ಲ. ಬೀಗ ತೆರೆದು ತೋರಿಸಿದಳು. ಕಪಾಟು ಬರಿದಾಗಿತ್ತು. ಇನ್ನೊಂದು ಹಡಗು ಬರುವವರೆಗೆ ಹಾಲಿಲ್ಲ. ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಆಲ್ಡ್ವಿನ್ನನ ಕೈ ಹಿಡಿದುಕೊಂಡಳು. “ನಾನೇ ಇವನ್ನ ಬರಿಗೈಲಿ ಕಳಿಸಿದೆನಲ್ಲೇ ಫೀಮಿ” ಎಂದಳು. “ಎದ್ದು ಶಾಲು ಹೊದ್ದುಕೋ. ಟಾಪಿನ್ ಅಂಗಡಿಗೆ ಹೋಗಬೇಕು” ಎಂದೆ.

ಮಿಸೆಸ್ ಟಾಪಿನ್ ಅಂಗಡಿಯ ಮೇಜಿನ ಹಿಂದೆ ತೋಳು ಕಟ್ಟಿ ನಿಂತಿದ್ದಳು. ಸುದ್ದಿ ನಮಗಿಂತ ಮೊದಲೇ ಓಡಿ ಅಲ್ಲಿಗೆ ಮುಟ್ಟಿತ್ತು. “ಡಾಕ್ಟರ್ ತನ್ನ ಬಾಯಿಂದ ಫೈನ್ ಅಂದಿದ್ದು, ಇಡೀ ಊರು ಕೇಳಿದೆ. ಇವತ್ತು ಒಂದರ್ಥ, ನಾಳೆ ಒಂದರ್ಥ ಅಂದ್ರೆ ನಾನು ಯಾವುದನ್ನ ನಂಬಲಿ? ಕೊಟ್ಟದ್ದನ್ನ ಕಿತ್ತುಕೊಳ್ಳೋದು ಯಾವ ದೇಶದ ಮರ್ಯಾದೆ?” ಎಂದಳು. ಡಾಕ್ಟರ್ ಪ್ರೋಟೀನು, ಪೋಷಣೆ ಎಂದು ವಿವರಿಸಲು ಹೊರಟರು. ನಾನು ಅವರ ಕೈ ಅದುಮಿ ಸುಮ್ಮನಿರಿಸಿದೆ. ಆಲ್ಡ್ವಿನ್ನನನ್ನು ಆ ಮೇಜಿನ ಮೇಲೆ, ಸೋಪು ಮತ್ತು ಸೀಮೆಎಣ್ಣೆ ಅಳತೆಯ ನಡುವೆ ಮಲಗಿಸಿದೆ. “ಇವನ ಪಾದ ಒತ್ತು” ಎಂದೆ. “ಯಾಕೆ?” “ಒತ್ತು ಅಂದೆ.” ಅವಳು ಒಂದು ಬೆರಳಿನಿಂದ ಒತ್ತಿ ಕೈತೆಗೆದಳು. ಆ ಗುಳಿ ಹಾಗೇ ನಿಂತಿತು. ಹಿಟ್ಟಿನ ಮುದ್ದೆಯ ಮೇಲೆ ಒತ್ತಿದರೆ ನಿಲ್ಲುವುದಿಲ್ಲವೇ, ಹಾಗೆ. ನಾವು ನಾಲ್ವರೂ ಅದು ತುಂಬಿಕೊಳ್ಳಲಿ ಎಂದು ನೋಡುತ್ತ ನಿಂತೆವು, ತುಂಬಲಿಲ್ಲ. ಆಲ್ಡ್ವಿನ್ ಅಳಲೂ ಇಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಮಿಸೆಸ್ ಟಾಪಿನ್ ತನ್ನ ಬೆರಳನ್ನು ನೋಡಿಕೊಂಡಳು, ಮಗುವಿನ ಮುಖ ನೋಡಿದಳು, ಒಳಗೆ ಹೋದಳು. ಡಬ್ಬಗಳನ್ನು ಏಪ್ರನ್ನಿನಲ್ಲಿ ತುಂಬಿಕೊಂಡು ಬಂದಳು. ಒಂದು ಮಾತ್ರ ಒಡೆದಿತ್ತು. “ನನ್ನ ಮಕ್ಕಳಿಗೆ ಆ ಪುಡಿಯ ವಾಸನೆಯೇ ಆಗೋದಿಲ್ಲ. ತಗೊಂಡು ಹೋಗಿ, ಜಾಗ ಖಾಲಿಯಾಗುತ್ತೆ” ಎಂದು ಗೊಣಗಿದಳು. ನಾವು ಮೆಟ್ಟಿಲಿಳಿಯುವಾಗ ಹಿಂದಿನಿಂದ ಓಡಿಬಂದು ಒಂದು ಪೊಟ್ಟಣ ಸಕ್ಕರೆ ನನ್ನ ಬುಟ್ಟಿಗೆ ಹಾಕಿದಳು. ಈಗ ದಾರಿಯಲ್ಲಿ ಎದುರಾದರೆ ಅವಳ ಬಿಂಕ ಹಾಗೇ ಇದೆ. ಇರಲಿ, ಅವಳಿಗೆ ಅದು ಒಪ್ಪುತ್ತದೆ.

ಮೊದಲ ಗುಟುಕನ್ನು ಅಂಗಡಿಯ ಮೆಟ್ಟಿಲ ಮೇಲೇ ಕೊಟ್ಟೆವು. ಕಾಯಿಸಿ ಆರಿಸಿದ ನೀರಿನಲ್ಲಿ ಕದಡಿದ ಹಾಲು. ಒಂದು ಚಮಚ, ಸ್ವಲ್ಪ ಬಿಟ್ಟು ಇನ್ನೊಂದು. ಒಮ್ಮೆಗೇ ಹೆಚ್ಚು ಕುಡಿಸಬಾರದಂತೆ, ನಿನಗೆ ಇದು ಅಲ್ಲಿ ಹೇಳಿಕೊಟ್ಟಿರಬಹುದು. ಆಮೇಲೆ ಡಾಕ್ಟರ್, “ನಾನು ಫೈನ್ ಅಲ್ಲ ಅಂದ ಬೇರೆ ಮಕ್ಕಳು?” ಎಂದು ಕೇಳಿದರು. ಅವರಿಗೆ ಮನೆಗಳ ಗುರುತಿಲ್ಲ. ನನಗಿತ್ತು. ಆ ದಿನ ಶಾಲೆಯಿಂದ ನಗುನಗುತ್ತ ಹಿಂದಿರುಗಿದ ತಾಯಂದಿರು ಯಾರ್‍ಯಾರು ಎಂದು ನೆನೆಸಿಕೊಂಡೆ. ಅದಕ್ಕಿಂತ ಹೆಚ್ಚಿನ ಗುರುತು ಬೇಕಿರಲಿಲ್ಲ. ಕೆಳಗಿನ ಬೀದಿಯವರಿಗೆ ಲಿಯೋಥಾ ಹಾಲು ಮುಟ್ಟಿಸಿದಳು. ಗುಡ್ಡದ ಮೇಲಿನ ಆಲ್ಮಾ ಮಾತ್ರ ಎರಡನೆಯ ವಾರ ಬಂದೇ ಇರಲಿಲ್ಲ. ಮಗಳು ಫೈನ್ ಅಲ್ಲವೆಂದ ಮೇಲೆ ಅಷ್ಟು ದೂರ ಇಳಿದು ಬರುವುದೇಕೆ ಎಂದು. ಆಲ್ಡ್ವಿನ್ನನನ್ನು ಲಿಯೋಥಾಳ ಮಡಿಲಿಗೆ ಕೊಟ್ಟು ನಾನು ಡಾಕ್ಟರನ್ನು ಕರೆದುಕೊಂಡು ಗುಡ್ಡ ಹತ್ತಿದೆ. ದಾರಿಯೆಲ್ಲ ಬಿದ್ದ ಮರಗಳು. ಪಟ್ಟಣದ ಬೂಟು ಹಾಕಿಕೊಂಡು ಆತ ಮೂರು ಕಡೆ ಜಾರಿ ಬಿದ್ದರು. ನನ್ನ ಈ ಮೊಣಕಾಲಿಟ್ಟುಕೊಂಡು ನಾನು ಒಂದು ಕಡೆಯೂ ಬೀಳಲಿಲ್ಲ, ಬರೆದುಕೋ. ಆಲ್ಮಾ ನಮ್ಮನ್ನು ಕಂಡು ಖುಷಿಯಿಂದ, “ನೋಡಿ, ಇನ್ನೂ ಗುಂಡಗಾಗಿದಾಳೆ ನನ್ನ ಸಿಲ್ವೀ!” ಎಂದು ತೋರಿಸಿದಳು. ಆ ಹುಡುಗಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ಡಾಕ್ಟರ್ ನನ್ನ ಮುಖ ನೋಡಿದರು. ಹೇಳಬೇಕಾದವಳು ನಾನು ಎಂದು ನನಗೆ ತಿಳಿಯಿತು. ನಮ್ಮ ಮಾತಿನಲ್ಲಿ, ಎರಡರ್ಥ ಬಾರದ ಹಾಗೆ ಹೇಳಿದೆ: “ಆಲ್ಮಾ, ಅದು ಮಾಂಸ ಅಲ್ಲಮ್ಮ, ನೀರು. ಮಗು ಸಾಯ್ತಾ ಇದೆ. ಈಗಲೇ ಎತ್ತಿಕೋ.” ಅಂದೇ ಟ್ರಕ್ಕಿನಲ್ಲಿ ಸ್ಕಾರ್‌ಬರೋ ಆಸ್ಪತ್ರೆಗೆ ಕಳಿಸಿದೆವು. ಸಿಲ್ವೀ ಇನ್ನೂ ಅಲ್ಲೇ ಇದ್ದಾಳೆ. ಒಂದು ದಿನ ಸುಧಾರಿಸಿದಳೆಂದರೆ ಮರುದಿನ ಜ್ವರ. ಆಲ್ಮಾ ಮಂಚದ ಕೆಳಗೆ ನೆಲದ ಮೇಲೆ ಮಲಗುತ್ತಾಳೆ. ನಿನ್ನ ಪ್ರಾರ್ಥನೆಯಲ್ಲಿ ಆ ಹುಡುಗಿಯ ಹೆಸರು ಸೇರಿಸು.

ನಮ್ಮ ಆಲ್ಡ್ವಿನ್ನನದೂ ಸುಲಭವಾಗಿ ಆಗಲಿಲ್ಲ. ಹಾಲು ಹೊಟ್ಟೆಗೆ ಬಿದ್ದ ಮೇಲೆ ಮೈಯ ನೀರೆಲ್ಲ ಇಳಿದುಹೋಯಿತು. ಒಂದು ಬೆಳಿಗ್ಗೆ ಬಟ್ಟೆ ತೆಗೆದರೆ ಮೂಳೆಯ ಮೇಲೆ ಚರ್ಮ, ಕೆನ್ನೆ ಗುಳಿಬಿದ್ದು ಮುದುಕನ ಮುಖ. ಚಂಡಮಾರುತದ ದಿನವೂ ನಾನು ಅಷ್ಟು ಹೆದರಿರಲಿಲ್ಲ. ಎತ್ತಿಕೊಂಡು ಓಡಿದೆ. ಡಾಕ್ಟರ್ ನೋಡಿ, ಪಾದ ಒತ್ತಿ, ಗುಳಿ ನಿಲ್ಲದ್ದನ್ನು ಕಂಡು ನಕ್ಕುಬಿಟ್ಟರು. “ಈಗ ನಿಮ್ಮ ಲೆಕ್ಕದಲ್ಲಿ ಇವನು ಫೈನ್, ಮಿಸ್ ಫೀಮಿ. ನನ್ನ ಲೆಕ್ಕದಲ್ಲಿ ಫೈನ್ ಆಗೋಕೆ ಇನ್ನೂ ಸ್ವಲ್ಪ ದಿನ ಬೇಕು. ಕಾಯಿಲೆಯ ಕೆಳಗೆ ಇದ್ದ ನಿಜವಾದ ಮಗು ಇದು, ಇನ್ನು ಇದನ್ನ ಬೆಳೆಸಿ” ಎಂದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಜೋಬ್ ಎಲ್ಲಿಂದಲೋ ಎರಡು ಕೋಳಿ ತಂದುಕೊಟ್ಟ. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಮೊಟ್ಟೆ ಶುರುವಾಯಿತು. ಹಬ್ಬದ ದಿನ ಹುಡುಗ ನನ್ನ ಲಂಗ ಹಿಡಿದು ಎದ್ದು ನಿಂತ.

ಡಾಕ್ಟರ ವಿಷಯ ಇನ್ನೊಂದು ಹೇಳಬೇಕು. ಗುಡ್ಡದಿಂದ ಇಳಿಯುವಾಗ ಆತ ನನ್ನ ಬಳಿ ಕ್ಷಮೆ ಕೇಳಿದರು, ಹಾಲು ಮಾರಿಕೊಂಡಿರಾ ಎಂದದ್ದಕ್ಕೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೂ ನಾನು, “ಆ ಮಾತನ್ನ ಎಲ್ಲರ ಎದುರಿಗೆ ಅಂದ್ರಿ, ಎಲ್ಲರ ಎದುರಿಗೆ ವಾಪಸ್ ತಗೊಳ್ಳಿ. ಇಲ್ಲಿ ಮರಗಳ ಮುಂದೆ ಯಾಕೆ?” ಎಂದೆ. ಮುಂದಿನ ವಾರ ಆತ ಶಾಲೆಯ ಮೆಟ್ಟಿಲ ಮೇಲೆ ನಿಂತು, ಕಿವಿ ಇನ್ನಷ್ಟು ಕೆಂಪಗೆ ಮಾಡಿಕೊಂಡು, “ಮಿಸ್ ಯೂಫೀಮಿಯಾ ಕ್ವಾಶಿ ಅವರ ಮೇಲೆ ನಾನು ಹೊರಿಸಿದ್ದು ಸುಳ್ಳು. ತಪ್ಪು ನನ್ನದು” ಎಂದು ಎಲ್ಲರೂ ಕೇಳುವ ಹಾಗೆ ಹೇಳಿದರು. ಆಮೇಲೆ ಮನೆಗೆ ಕರೆದು ದೀವಿಹಲಸಿನ ಕಾಯಿ ಸುಟ್ಟು ಬಡಿಸಿದೆ. ಚೆನ್ನಾಗಿ ತಿಂದರು. ಈಗ ಮಕ್ಕಳನ್ನು ನೋಡುವಾಗ ಪಕ್ಕದಲ್ಲಿ ಲಿಯೋಥಾ ಕೂರುತ್ತಾಳೆ. ಪ್ರತಿ ತಾಯಿಗೂ ಆತ ಒಂದು ಸಲ ಹೇಳುತ್ತಾರೆ, ಇವಳು ಇನ್ನೊಂದು ಸಲ ಹೇಳುತ್ತಾಳೆ, ತಾಯಿ ಏನು ಕೇಳಿಸಿಕೊಂಡಳೆಂದು ಮತ್ತೆ ಅವಳ ಬಾಯಿಂದಲೇ ಹೇಳಿಸುತ್ತಾರೆ. ಸಾಲು ಉದ್ದವಾಗುತ್ತದೆ, ಜೋಬ್ ಗೊಣಗುತ್ತಾನೆ. ಗೊಣಗಲಿ.

ಇನ್ನು ನಿನ್ನ ಕೊನೆಯ ಮಾತಿಗೆ ಬರುತ್ತೇನೆ. ಕಲಿಯುವುದನ್ನು ಇಲ್ಲಿಗೇ ನಿಲ್ಲಿಸಿ, ಸಿಕ್ಕಿದ ಹಡಗು ಹತ್ತಿ ಬಂದುಬಿಡುತ್ತೇನೆ ಎಂದಿದ್ದೀಯ. ಬೇಡ. ನಾನು ಇರುವಾಗ ಅವನಿಗೆ ಏನೂ ಕಡಿಮೆಯಿಲ್ಲ. ಅವನನ್ನು ಸಾವಿನ ಬಾಯಿಂದ ಎಳೆದುಕೊಂಡವಳಿಗೆ ಸಾಕುವುದು ದೊಡ್ಡದಲ್ಲ. ಸೆಪ್ಟೆಂಬರಿನ ಪರೀಕ್ಷೆ ಬರೆ, ಪಾಸಾಗು, ಬಿಳಿ ಟೋಪಿ ಹಾಕಿಕೊಂಡು ಒಂದು ಫೋಟೋ ಕಳಿಸು. ಲಿಯೋಥಾಳ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ತೂಗುಹಾಕುತ್ತೇನೆ. ಐರಿಷ್ ಹುಡುಗಿಗೆ ನನ್ನ ನೆನಪು ಹೇಳು. ಹೊಟ್ಟೆ ತುಂಬ ತಿನ್ನು, ಒದ್ದೆ ಕಾಲುಚೀಲದಲ್ಲಿ ತಿರುಗಬೇಡ. ನಮ್ಮನ್ನು ಗಾಳಿಯಿಂದ ಉಳಿಸಿದವನು ನಿನ್ನನ್ನು ಆ ಮಂಜಿನಲ್ಲಿ ಕೈಹಿಡಿದು ನಡೆಸಲಿ.

ನಿನ್ನನ್ನು ಹೆತ್ತ,
ಯೂಫೀಮಿಯಾ ಕ್ವಾಶಿ

ತಾ.ಕ.: ಲಿಯೋಥಾಳ ತಮ್ಮ ಪಟ್ಟಣಕ್ಕೆ ಹೊರಟು ಟ್ರಕ್ಕಿನ ಹಾರ್ನ್ ಒತ್ತುತ್ತಿದ್ದಾನೆ, ಇದನ್ನು ಅವನ ಕೈಗೇ ಕೊಡಬೇಕು. ಆಲ್ಡ್ವಿನ್‌ಗೆ ಮಾತು ಬಂದಿದೆ. ಹೊಸ ವರ್ಷದ ದಿನದಿಂದ ನನ್ನನ್ನು ಅಮ್ಮ ಎನ್ನುತ್ತಿದ್ದಾನೆ. ಮೊದಲ ಸಲ, ನಾನು ನಿನ್ನ ಅಜ್ಜಿ ಕಣೋ ಎಂದೆ. ಆಮೇಲೆ ಹೇಳಲಿಲ್ಲ, ಓಗೊಟ್ಟೆ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಪರೀಕ್ಷೆ ಮುಗಿಸು. ಆದರೆ ಮುಗಿದ ಮೇಲೆ ಅಲ್ಲಿ ಒಂದು ದಿನವೂ ನಿಲ್ಲಬೇಡ, ನೇರ ಮನೆಗೆ ಬಾ. ಅವನು ಹಾಗೆ ಕೂಗಿದಾಗ ತಿರುಗಿ ನೋಡುವುದು ನನಗೆ ರೂಢಿಯಾಗುತ್ತಿದೆ, ವೆರೋನಾ.